ಆಡುವವರ ಸ್ವಾತಂತ್ರ್ಯ, ಕೂಡಿ ಕಟ್ಟುವ ಕಥೆ: ಗೇಮ್ ಮಾಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಕಡೆ ವಿಡಿಯೋ ಗೇಮ್ ಮಾಡುವ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ. ಉದಾಹರಣೆ ಬೇಕಾದಲ್ಲೆಲ್ಲ ನಾವು ಕೆಲವರು ಸೇರಿ ಕಟ್ಟುತ್ತಿರುವ ಒಂದು ಸಣ್ಣ ಆಟವನ್ನು ತಂದಿದ್ದೇನೆ. ಸಿದ್ದಾಪುರದ ಕಡೆಯ ಒಂದು ರೋಬಸ್ಟಾ ಕಾಫಿ ತೋಟ, ಅದರಲ್ಲಿ ಒಂದು ವರ್ಷ, ಬೇಲಿಯಾಚೆ ಕಾಡಾನೆ. ಇಷ್ಟೇ ಆ ಆಟ.

ಆಡುವವರ ಸ್ವಾತಂತ್ರ್ಯ ಅಂದರೆ ಏನು? ದೊಡ್ಡ ಮ್ಯಾಪ್‌ನಲ್ಲಿ ಎಲ್ಲಿ ಬೇಕಾದರೂ ಓಡಾಡುವುದೇ?

ಓಡಾಡುವುದು ಅದರ ಒಂದು ಪಾಲು, ಅದೂ ಸಣ್ಣ ಪಾಲು. ಹತ್ತು ಬೆಟ್ಟ, ನೂರು ಮನೆ ಇರುವ ಮ್ಯಾಪ್ ಮಾಡಿ, ಯಾವ ಮನೆಯ ಬಾಗಿಲೂ ತೆಗೆಯದಿದ್ದರೆ ಅಲ್ಲಿ ಇರುವುದು ಜಾಗ ಮಾತ್ರ. ನಾನು ಏನಾದರೂ ಮಾಡಿದಾಗ ಆ ಲೋಕ ಅದನ್ನು ಗಮನಿಸಬೇಕು, ನೆನಪಿಟ್ಟುಕೊಳ್ಳಬೇಕು, ಅದಕ್ಕೆ ತಕ್ಕಂತೆ ಬದಲಾಗಬೇಕು. ಸ್ವಾತಂತ್ರ್ಯ ಇದೆ ಎಂದು ಆಡುವವರಿಗೆ ಅನಿಸುವುದು ಆಗಲೇ.

ನಮ್ಮ ಆಟದಿಂದಲೇ ಹೇಳುತ್ತೇನೆ. ತೋಟದಲ್ಲಿ ಹಲಸಿನ ಮರಗಳಿವೆ. ಹಣ್ಣಾಗುವ ಹೊತ್ತಿಗೆ ವಾಸನೆ ಹಿಡಿದು ಆನೆ ಬರುತ್ತದೆ, ಬಂದಾಗ ಕಾಫಿ ಗಿಡ ಮುರಿಯುತ್ತದೆ. ಈಗ ಆಡುವವರು ಏನು ಮಾಡಬಹುದು? ಕಾಯಿ ಬಲಿಯುವ ಮೊದಲೇ ಇಳಿಸಬಹುದು. ಅದಕ್ಕೆ ಆಳು ಬೇಕು, ಕೂಲಿ ಕೊಡಬೇಕು. ಮರವನ್ನೇ ಕಡಿಸಬಹುದು, ಆಗ ನೆರಳು ಹೋಗಿ ಬೇಸಿಗೆಯಲ್ಲಿ ಕೆಳಗಿನ ಗಿಡಗಳು ಬಾಡುತ್ತವೆ. ಸೋಲಾರ್ ಬೇಲಿ ಹಾಕಿದರೆ ಅದನ್ನು ದಿನವೂ ನೋಡಿಕೊಳ್ಳಬೇಕು, ಬಳ್ಳಿ ಹಬ್ಬಿದರೆ ಕೆಲಸ ಮಾಡುವುದಿಲ್ಲ. ಏನೂ ಮಾಡದೆ ಒಂದೆರಡು ಮರ ಆನೆಗೆ ಎಂದು ಬಿಟ್ಟುಬಿಡಲೂಬಹುದು. ಇದರಲ್ಲಿ ಯಾವುದು ಸರಿ ಎಂದು ಆಟ ಹೇಳುವುದಿಲ್ಲ. ಮಾಡಿದ್ದಕ್ಕೆ ತೋಟ ಉತ್ತರ ಕೊಡುತ್ತದೆ. ಪಕ್ಕದ ತೋಟದವರೂ ಕೊಡುತ್ತಾರೆ, ಏಕೆಂದರೆ ನಿಮ್ಮ ಬೇಲಿಗೆ ಹೆದರಿದ ಆನೆ ಅವರ ಕಡೆ ತಿರುಗುತ್ತದೆ.

ಏಳೆಂಟು ಎಂಡಿಂಗ್ ಕೊಟ್ಟರೆ ಸ್ವಾತಂತ್ರ್ಯ ಕೊಟ್ಟ ಹಾಗೆ ಆಗುವುದಿಲ್ಲವೇ?

ಮೊದಲು ಲೆಕ್ಕ ಹಾಕಿ. ಪ್ರತಿ ತಿರುವಿನಲ್ಲಿ ಎರಡೇ ಆಯ್ಕೆ ಇಟ್ಟು, ಕವಲುಗಳು ಮತ್ತೆ ಸೇರದಂತೆ ಬರೆದರೆ, ಹತ್ತನೆಯ ತಿರುವಿನ ಹೊತ್ತಿಗೆ 1,024 ಕೊನೆಗಳಾಗುತ್ತವೆ. ಅಷ್ಟನ್ನು ಯಾರೂ ಬರೆಯಲಾರರು. ಹಾಗಾಗಿ ಹೆಚ್ಚಿನ ಆಟಗಳು ಕವಲುಗಳನ್ನು ಎಲ್ಲೋ ಒಂದು ಕಡೆ ಮತ್ತೆ ಕೂಡಿಸುತ್ತವೆ. ಕೂಡಿಸುವುದು ತಪ್ಪಲ್ಲ. ಕೂಡಿಸಿದ ಮೇಲೆ ಹಿಂದಿನ ಆಯ್ಕೆಗಳನ್ನು ಮರೆತುಬಿಡುವುದು ತಪ್ಪು.

2012ರ ಮಾರ್ಚ್‌ನಲ್ಲಿ ಬಂದ ಮಾಸ್ ಎಫೆಕ್ಟ್ 3 ಎಂಬ, ಸರಣಿಯ ಮೂರನೆಯ ಆಟಕ್ಕೆ ಆದದ್ದು ಇದೇ. ಮೂರು ಆಟಗಳುದ್ದಕ್ಕೂ ಜನ ನೂರಾರು ನಿರ್ಧಾರ ತೆಗೆದುಕೊಂಡು ಬಂದಿದ್ದರು. ಕೊನೆಯಲ್ಲಿ ಎದುರಾದ ಕೆಲವೇ ಆಯ್ಕೆಗಳು ಅವಕ್ಕೆ ಲೆಕ್ಕವೇ ಕೊಡಲಿಲ್ಲ ಎಂದು ಅವರಿಗೆ ಅನಿಸಿತು, ದೊಡ್ಡ ಗಲಾಟೆಯಾಯಿತು. ಅದೇ ಜೂನ್‌ನಲ್ಲಿ ಕೊನೆಯ ಭಾಗವನ್ನು ವಿಸ್ತರಿಸಿ ಉಚಿತವಾಗಿ ಕೊಡಬೇಕಾಯಿತು. ಆ ಜನರ ಸಿಟ್ಟನ್ನು ಹಠ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಷ್ಟು ಹೊತ್ತು ಜೊತೆಗೆ ಬರೆದವರು ಕೊನೆಯ ಪುಟದಲ್ಲಿ ತಮ್ಮ ಕೈಬರಹ ಹುಡುಕಿದರು.

ಕವಲು ಬರೆಯದಿದ್ದರೆ ಸ್ವಾತಂತ್ರ್ಯ ಎಲ್ಲಿಂದ ಬರುತ್ತದೆ?

ನಿಯಮಗಳಿಂದ. ಘಟನೆಗಳನ್ನು ಒಂದೊಂದಾಗಿ ಬರೆಯುವ ಬದಲು ವಸ್ತುಗಳ ಗುಣ ಬರೆಯಿರಿ. 2017ರ ಜೆಲ್ಡಾ ಆಟದಲ್ಲಿ (ಬ್ರೆತ್ ಆಫ್ ದಿ ವೈಲ್ಡ್) ಬೆಂಕಿ ಹುಲ್ಲಿಗೆ ಹತ್ತುತ್ತದೆ, ಹುಲ್ಲು ಉರಿದರೆ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಗೆ ಪ್ಯಾರಾಗ್ಲೈಡರ್ ಬಿಚ್ಚಿದರೆ ಮೇಲಕ್ಕೆ ಹೋಗಬಹುದು. ಗುಡುಗು ಮಳೆಯಲ್ಲಿ ಕಬ್ಬಿಣದ ಕತ್ತಿ ಹಿಡಿದವರಿಗೆ ಸಿಡಿಲು ಬಡಿಯುತ್ತದೆ. ಆ ಕತ್ತಿಯನ್ನು ಶತ್ರುವಿನ ಹತ್ತಿರ ಎಸೆದರೆ ಸಿಡಿಲು ಅಲ್ಲಿಗೆ ಬೀಳುತ್ತದೆ. ಇಲ್ಲಿ ಕತ್ತಿ ಎಸೆಯಿರಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಡಗಿನಲ್ಲಿ ಬೆಳೆದವರಿಗೆ ಇಂಥ ನಿಯಮಗಳು ಬಾಯಿಪಾಠ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಂದರೆ ವಾರ ಹತ್ತು ದಿನದಲ್ಲಿ ಕಾಫಿ ಹೂ ಬಿಡುತ್ತದೆ. ಬರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಬೇಕು. ಅರೇಬಿಕಾ ಸ್ವಂತ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅಂದರೆ ಗಾಳಿ ಬೇಕು, ಜೇನು ಬೇಕು. ಹೂ ಅರಳಿದ ದಿನವೇ ಮಳೆ ಸುರಿದರೆ ಆ ಕೆಲಸ ಕೆಡುತ್ತದೆ. ಹೂ ಉದುರಿದ ಮೇಲೆ ಮತ್ತೊಂದು ಮಳೆ ಬೇಕು, ಇಲ್ಲದಿದ್ದರೆ ಕಟ್ಟಿದ ಕಾಯಿಯೂ ನಿಲ್ಲುವುದಿಲ್ಲ.

ಇಷ್ಟನ್ನೇ ನಿಯಮವಾಗಿ ಬರೆದು ಆಟಕ್ಕೆ ಹಾಕಿದೆವು. ಆಮೇಲೆ ಆಡಿದವರೊಬ್ಬರು ತೋಟದ ಅಂಚಿನಲ್ಲಿ ಜೇನುಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು, ಫಸಲು ಹೆಚ್ಚಲಿ ಎಂದು. ಆನೆಗೆ ಜೇನುಹುಳ ಕಂಡರೆ ಆಗುವುದಿಲ್ಲ ಎಂಬ ಇನ್ನೊಂದು ನಿಯಮವೂ ಆಟದಲ್ಲಿತ್ತು. ಆನೆಗಳು ಆ ಬದಿಯಿಂದ ಬರುವುದು ಕಡಿಮೆಯಾಯಿತು. ಪರಾಗಕ್ಕೆಂದು ಇಟ್ಟ ಪೆಟ್ಟಿಗೆ ಬೇಲಿಯೂ ಆಗಬಹುದೆಂದು ಕೋಡ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಎರಡು ನಿಯಮ ತಾವಾಗಿಯೇ ಭೇಟಿಯಾದವು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದು ಇದು.

ನಿಯಮ ಹೆಚ್ಚಿದಷ್ಟೂ ಸ್ವಾತಂತ್ರ್ಯ ಕಡಿಮೆಯಾಗಬೇಕಲ್ಲ?

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ಆಡುವ ಪರೆಯಕಳಿ ನೋಡಿದ್ದೀರಾ? ಬೆತ್ತ ಹಿಡಿದು ಎದುರಾಳಿಯ ಕಾಲಿಗೆ ಹೊಡೆಯಬೇಕು, ಮೊಣಕಾಲಿನ ಕೆಳಗೆ ಮಾತ್ರ. ಆ ಒಂದು ಕಟ್ಟಳೆ ಇರುವುದರಿಂದಲೇ ಜಿಗಿತ, ಹುಸಿ ಏಟು, ಗುರಾಣಿ ತಗ್ಗಿಸುವ ಚಾಲಾಕಿತನ ಎಲ್ಲ ಹುಟ್ಟುತ್ತದೆ. ಕಟ್ಟಳೆ ತೆಗೆದರೆ ಉಳಿಯುವುದು ಬರೀ ಹೊಡೆದಾಟ. ನಿಯಮ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಒಂದೊಂದು ನಿಯಮವೂ ಆಡುವವರ ಕೈಗೆ ಏನು ಕೊಡುತ್ತದೆ ಎಂದು ನೋಡಿ.

ನಾವು ಊಹಿಸದೇ ಇದ್ದದ್ದನ್ನು ಆಡುವವರು ಮಾಡಿದರೆ ಅದನ್ನು ಬಗ್ ಎಂದು ಸರಿಪಡಿಸಬೇಕೇ?

ಕೂಡಲೇ ಬೇಡ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಒಂದು ಏಟಿನ ಬೆನ್ನಿಗೇ ಇನ್ನೊಂದನ್ನು ತಪ್ಪಿಸಿಕೊಳ್ಳಲಾಗದಂತೆ ಸೇರಿಸಬಹುದಿತ್ತು. ಯಾರೂ ಬೇಕೆಂದು ಇಟ್ಟದ್ದಲ್ಲ, ಪರೀಕ್ಷೆಯ ಹೊತ್ತಿಗೆ ಕಣ್ಣಿಗೆ ಬಿತ್ತು, ತಂಡ ಅದನ್ನು ಹಾಗೇ ಬಿಟ್ಟಿತು. ಇವತ್ತು ಕಾಂಬೋ (ಹೀಗೆ ಬೆನ್ನುಬೆನ್ನಿಗೆ ಸೇರಿಸಿದ ಏಟುಗಳು) ಇಲ್ಲದ ಫೈಟಿಂಗ್ ಗೇಮ್ ಯೋಚಿಸಲೂ ಕಷ್ಟ. 2000ನೇ ಇಸವಿಯ ಡಿಯಸ್ ಎಕ್ಸ್‌ನಲ್ಲಿ ಗೋಡೆಗೆ ಅಂಟಿಸುವ ಸ್ಫೋಟಕಗಳಿದ್ದವು. ಜನ ಅವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬಾರದ ಗೋಡೆ ಹತ್ತಿದರು.

ಡ್ವಾರ್ಫ್ ಫೋರ್ಟ್ರೆಸ್‌ನ ಬೆಕ್ಕುಗಳ ಕಥೆ ಇನ್ನೂ ಚೆಂದ. ಇಬ್ಬರು ಸಹೋದರರು, ಟಾರ್ನ್ ಮತ್ತು ಜ್ಯಾಕ್ ಆಡಮ್ಸ್, 2006ರಿಂದ ಜನರ ಮುಂದೆ ಇಟ್ಟು ಬೆಳೆಸುತ್ತಿರುವ ಆಟ ಅದು. 2015ರಲ್ಲಿ ಅದರೊಳಗಿನ ಬೆಕ್ಕುಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಹುಡುಕಿದಾಗ ತಿಳಿದದ್ದು: ಹೆಂಡದಂಗಡಿಯ ನೆಲದ ಮೇಲೆ ಮದ್ಯ ಚೆಲ್ಲುತ್ತದೆ, ಬೆಕ್ಕು ಅದರ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಒಂದು ನೆಕ್ಕಿಗೆ ಒಂದಿಡೀ ಲೋಟ ಒಳಗೆ ಹೋಯಿತೆಂದು ಆಟ ಲೆಕ್ಕ ಹಾಕುತ್ತಿತ್ತು. ಪ್ರಮಾಣ ತಪ್ಪಿತ್ತು, ಅದನ್ನು ಸರಿ ಮಾಡಬೇಕು. ಬೆಕ್ಕು ಪಾದ ನೆಕ್ಕುವುದು, ಚೆಲ್ಲಿದ್ದು ಅಂಟುವುದು, ಇವನ್ನು ತೆಗೆಯಬಾರದು. ನಿಮ್ಮ ಆಟದಲ್ಲೂ ಈ ಎರಡನ್ನು ಬೇರೆ ಮಾಡಿ ನೋಡಿ. ಒಂದೇ ಉಪಾಯ ಉಳಿದೆಲ್ಲ ದಾರಿಗಳನ್ನೂ ನಿರರ್ಥಕ ಮಾಡುತ್ತಿದ್ದರೆ ಅದನ್ನು ತಗ್ಗಿಸಿ. ಹೊಸ ದಾರಿ ತೆರೆಯುತ್ತಿದ್ದರೆ ಬಿಡಿ.

ಹಾಗಾದರೆ ಕಥೆ ಯಾರದು? ಕಟ್ಟಿದವರದೋ ಆಡಿದವರದೋ?

ಇಬ್ಬರದೂ, ಆದರೆ ಇಬ್ಬರೂ ಬರೆಯುವುದು ಬೇರೆ ಬೇರೆ. ಏನು ಸಾಧ್ಯ ಎಂಬುದನ್ನು ಕಟ್ಟುವವರು ಬರೆಯುತ್ತಾರೆ, ಏನು ನಡೆಯಿತು ಎಂಬುದನ್ನು ಆಡುವವರು ಬರೆಯುತ್ತಾರೆ.

ನಮ್ಮಲ್ಲಿ ಇದು ಹೊಸ ವಿಷಯವೇನಲ್ಲ. ದುಡಿ ಹಿಡಿದು ನಾಲ್ವರು ನಿಂತು ಹೇಳುವ ಕೊಡವ ಹಾಡು, ಬಾಳೋ ಪಾಟ್, ನೆನಪಿಸಿಕೊಳ್ಳಿ. ಹಾಡಿನ ಅಚ್ಚು, ಮಟ್ಟು, ಬಂದೇ ಬರಬೇಕಾದ ಸಾಲುಗಳು ಹಿಂದಿನವರಿಂದ ಬಂದವು. ಯಾವ ಅಂಗಳದಲ್ಲಿ ನಿಂತಿದ್ದಾರೋ ಆ ಮನೆಯ, ಆ ಒಕ್ಕದ (ಕುಲದ ಕುಟುಂಬದ) ಹೆಸರು ಅಂದಿನ ಹಾಡಿಗೆ ಸೇರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಅಂಥ ಹಾಡುಗಳನ್ನೆಲ್ಲ ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆ ಎಂದು ಅಚ್ಚು ಹಾಕಿಸಿದರು. ಪುಸ್ತಕದ ಮೇಲೆ ಸಂಗ್ರಹಿಸಿದವರ ಹೆಸರಿದೆ, ಹಾಡು ಎಷ್ಟೋ ತಲೆಮಾರುಗಳದು, ಹಾಡಿದ ಆ ಒಂದು ಸಂಜೆ ಹಾಡಿದವರದು. ಮೂವರಿಗೂ ಪಾಲು ಇದೆ, ಯಾರ ಪಾಲೂ ಇನ್ನೊಬ್ಬರದನ್ನು ತಿನ್ನುವುದಿಲ್ಲ.

ಗೇಮ್‌ಗಳ ಕಡೆ ಇದೇ ಗುಣ ಬಂದದ್ದು ಮೇಜಿನ ಸುತ್ತ ಕುಳಿತು ಆಡುವ ಆಟಗಳಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಒಬ್ಬರು ಲೋಕವನ್ನು ವಿವರಿಸುತ್ತಾರೆ, ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಅಲ್ಲಿ ಎದುರಿಗೆ ಕುಳಿತ ಮನುಷ್ಯ ಯಾವ ವಿಚಿತ್ರ ಯೋಚನೆಗೂ ಕೂಡಲೇ ಉತ್ತರ ಕೊಡಬಲ್ಲ. ಕಂಪ್ಯೂಟರ್ ಮುಂದೆ ಆ ಉತ್ತರಗಳನ್ನು ನಾವು ಮೊದಲೇ ಯೋಚಿಸಿ ಇಟ್ಟಿರಬೇಕು. ನಮ್ಮ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲಿ.

ಒಂದೇ ದಾರಿಯಲ್ಲಿ ಸಾಗುವ ಆಟ ಕಡಿಮೆ ದರ್ಜೆಯದೇ?

ಅಲ್ಲ. ಒಂದೇ ಕಥೆಯನ್ನು ಚೆನ್ನಾಗಿ ಹೇಳಬೇಕೆಂದಿದ್ದರೆ ಹಾಗೇ ಹೇಳಿ. ಆಯ್ಕೆ ಇದೆ ಎಂದು ತೋರಿಸಿ ಎರಡೂ ಗುಂಡಿಗಳಿಗೆ ಒಂದೇ ಉತ್ತರ ಇಡುವುದು ಮಾತ್ರ ಬೇಡ, ಅದು ನಂಬಿಕೆ ಕೆಡಿಸುತ್ತದೆ.

ಕೆಟ್ಟದ್ದನ್ನು ಮಾಡುವ ಸ್ವಾತಂತ್ರ್ಯವನ್ನೂ ಕೊಡಬೇಕೇ?

ಮನೆಯವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಮ್ಮ ಆಟದಲ್ಲಿ ಇದು ಬೇಲಿಯ ರೂಪದಲ್ಲಿ ಬಂತು. ಸೋಲಾರ್ ಬೇಲಿ ಮಿಡಿತದಂತೆ ಬಿಟ್ಟು ಬಿಟ್ಟು ಕರೆಂಟ್ ಕೊಡುತ್ತದೆ, ಆನೆ ಬೆದರುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರ ಲೈನ್ ಎಳೆದು ತಂತಿಗೆ ಕೊಟ್ಟರೆ ಆನೆ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಆನೆ ಇದೆ, ಅಂದರೆ ಕಾನೂನು ಕೊಡುವ ಅತಿ ಹೆಚ್ಚಿನ ರಕ್ಷಣೆ ಅದಕ್ಕಿದೆ. ನೇರ ಲೈನ್ ಎಳೆಯಲು ಆಡುವವರಿಗೆ ಬಿಡಬೇಕೇ?

ಬಿಡಬೇಕು ಎಂದು ನಾನು ವಾದಿಸಿದೆ, ಈಗಲೂ ಅದೇ ಅಭಿಪ್ರಾಯ. ಮಾಡಲಾಗದ ತಪ್ಪನ್ನು ಮಾಡದೇ ಇದ್ದುದರಲ್ಲಿ ಯಾರ ನಿರ್ಧಾರವೂ ಇಲ್ಲ. ಆದರೆ ಬಿಟ್ಟ ಮೇಲೆ ಆಟ ಕಣ್ಣು ಮುಚ್ಚಬಾರದು. ಬೆಳಿಗ್ಗೆ ಆನೆ ಬಿದ್ದಿರುತ್ತದೆ, ಅರಣ್ಯ ಇಲಾಖೆಯವರು ಬರುತ್ತಾರೆ, ಕೇಸಾಗುತ್ತದೆ. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳು ಅದೇ ತಂತಿಯ ಹತ್ತಿರ ಆಡುತ್ತಿದ್ದರೆಂದು ಮೇಸ್ತ್ರಿ ನೆನಪಿಸುತ್ತಾರೆ. ಹೀಗೆ ಮಾಡಿದ್ದಕ್ಕೆ ಅಂಕ, ಬಹುಮಾನ ಯಾವುದೂ ಇಲ್ಲ. ತಪ್ಪು ಮಾಡುವುದನ್ನೇ ಮಜಾ ಮಾಡಿ ಕೊಡುವ ಆಟಕ್ಕೂ ಇದಕ್ಕೂ ತುಂಬ ಅಂತರವಿದೆ.

ಇದರ ಜೊತೆ ಇನ್ನೊಂದು ಮಾತು. ತೋಟದ ಆಟ ಎಂದ ಕೂಡಲೇ ಎಲ್ಲರೂ ಮಾಲೀಕರಾಗಿ ಆಡುವಂತೆ ಕಟ್ಟುತ್ತಾರೆ. ಕಾಫಿ ಕುಯ್ಯುವವರಾಗಿ, ಮುಂಜಾನೆ ಕತ್ತಲಲ್ಲಿ ಆನೆ ಇರುವ ದಾರಿಯಲ್ಲೇ ಕೆಲಸಕ್ಕೆ ನಡೆದು ಹೋಗುವವರಾಗಿ ಆಡಲು ಬಿಟ್ಟರೆ ಅದೇ ನಿಯಮಗಳು ಬೇರೆಯೇ ಆಟವಾಗುತ್ತವೆ. ಯಾರಾಗಿ ಆಡಬಹುದು ಎಂಬುದೂ ಸ್ವಾತಂತ್ರ್ಯದ ಪ್ರಶ್ನೆಯೇ.

ದೇವರಕಾಡು, ಐನ್‌ಮನೆ (ಒಕ್ಕದ ಮೂಲಮನೆ), ಕಾರಣರ (ಪೂರ್ವಜರ) ಕಥೆ ಇವನ್ನು ಆಟಕ್ಕೆ ಹಾಕಬಹುದೇ?

ಹಾಕಬಹುದು, ಕೇಳಿ ಹಾಕಬೇಕು. ಇಲ್ಲಿ ಕಟ್ಟುವವರು, ಆಡುವವರು ಎಂಬ ಇಬ್ಬರ ಜೊತೆ ಮೂರನೆಯವರಿದ್ದಾರೆ: ಆ ಕಥೆ ಯಾರದೋ ಅವರು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದಕ್ಕೂ ಅದರದೇ ದೇವರು, ಅದರದೇ ಕಟ್ಟುಪಾಡು, ಅದನ್ನು ನೋಡಿಕೊಳ್ಳುವ ಊರು ಇದೆ. ಕೊಡವರ ಪದ್ಧತಿ ಒಂದಾದರೆ ಅರೆಭಾಷೆ ಗೌಡರದು ಇನ್ನೊಂದು. ಯರವರು, ಜೇನು ಕುರುಬರು, ಬೆಟ್ಟ ಕುರುಬರು ಹೇಳುವ ಕಾಡಿನ ಕಥೆ ಬೇರೆ. ಎಲ್ಲವನ್ನೂ ಕಲಸಿ ‘ಕೊಡಗಿನ ಸಂಸ್ಕೃತಿ’ ಎಂಬ ಒಂದು ಬಣ್ಣ ಹಚ್ಚಿದರೆ ಯಾರಿಗೂ ನ್ಯಾಯ ಮಾಡಿದಂತಾಗುವುದಿಲ್ಲ.

ಇದನ್ನು ಮಾಡಿ ತೋರಿಸಿದ ಆಟ ಒಂದಿದೆ: 2014ರ ನೆವರ್ ಅಲೋನ್. ಅಲಾಸ್ಕಾದ ಇನ್ಯುಪಿಯಾಟ್ ಜನರ ಕಥೆ. ಅಲ್ಲಿನ ಮೂಲನಿವಾಸಿಗಳ ಸಂಸ್ಥೆಯಾದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಆಟದ ಕಂಪನಿಯೊಂದರ ಜೊತೆ ಸೇರಿ ಮಾಡಿಸಿತು. ಹಿರಿಯರು, ಕಥೆ ಹೇಳುವವರು ಮೊದಲಿನಿಂದಲೇ ಕೆಲಸದೊಳಗಿದ್ದರು. ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಕಥೆಗಾರರು ಹೇಳುತ್ತಿದ್ದ ಕಥೆಯನ್ನು ಅವರ ಮಗಳ ಒಪ್ಪಿಗೆ ಪಡೆದು ಬಳಸಿದರು. ನಿರೂಪಣೆ ಇನ್ಯುಪಿಯಾಕ್ ಭಾಷೆಯಲ್ಲೇ ಇದೆ.

ನಮ್ಮ ಆಟದ ದೇವರಕಾಡಿನಲ್ಲಿ ಕೊಡಲಿ ಎತ್ತಲಾಗುವುದಿಲ್ಲ. ಸ್ವಲ್ಪ ಮೊದಲು ನಾನು ಹೇಳಿದ್ದಕ್ಕೆ ಇದು ವಿರುದ್ಧವಲ್ಲವೇ ಎಂದು ಕೇಳುತ್ತಾರೆ. ಬೇಲಿಯ ತಪ್ಪು ನಾವು ಕಟ್ಟಿದ ತೋಟದೊಳಗಿನದು, ಅದರ ಫಲವನ್ನೂ ನಾವೇ ಬರೆಯಬಲ್ಲೆವು. ದೇವರ ಕೋಪ ಹೇಗಿರುತ್ತದೆ ಎಂದು ಬರೆಯುವ ಹಕ್ಕು ನಮಗಿಲ್ಲ. ಬರೆಯಲು ಹಕ್ಕಿಲ್ಲದ ಉತ್ತರವನ್ನು ಬೇಡುವ ಕ್ರಿಯೆಯನ್ನು ಆಟದಲ್ಲಿ ಇಡದಿರುವುದೇ ಸರಿ ಎಂದು ಹಿರಿಯರ ಜೊತೆ ಮಾತಾಡಿ ತೀರ್ಮಾನಿಸಿದೆವು.

2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಆಟ ಮಾಡಬಹುದೇ?

ಮನೆ, ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ‘ಮತ್ತೆ ಪ್ರಯತ್ನಿಸಿ’ ಎಂಬ ಗುಂಡಿ ಒತ್ತಿ ಗುಡ್ಡ ಕುಸಿಯುವುದನ್ನು ಹಿಂದಕ್ಕೆ ಓಡಿಸುವ ಆಟ ಅವರೆದುರು ಇಡಲು ನನಗೆ ಮನಸ್ಸು ಬರುವುದಿಲ್ಲ. ಅವರೇ ಮಾಡಬೇಕೆಂದರೆ, ಅವರ ಜೊತೆ ಕೂತು, ಅವರು ಹೇಳಿದ ಹಾಗೆ ಮಾಡಿ.

ಆಟವನ್ನೇ ಬದಲಿಸಲು, ಅಂದರೆ ಮಾಡ್ ಮಾಡಲು, ಬಿಡಬೇಕೇ?

ಸಾಧ್ಯವಾದರೆ ಬಿಡಿ. 1993ರ ಡೂಮ್‌ನಲ್ಲಿ ಆಟದ ಯಂತ್ರ (ಆಟವನ್ನು ನಡೆಸುವ ಪ್ರೋಗ್ರಾಂ) ಬೇರೆ, ಅದರ ಲೆವೆಲ್, ಚಿತ್ರ, ಸದ್ದುಗಳ ಫೈಲ್ ಬೇರೆ ಇದ್ದವು. ಹಾಗಿದ್ದುದರಿಂದ ಜನ ತಮ್ಮದೇ ಲೆವೆಲ್ ಮಾಡಿ ಹಂಚಿದರು, ಈಗಲೂ ಮಾಡುತ್ತಿದ್ದಾರೆ. ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್ ಎಂಬ ಆಟದ ಮಾಡ್ ಆಗಿ ಹುಟ್ಟಿತು, ಮಾರನೆಯ ವರ್ಷ ವಾಲ್ವ್ ಕಂಪನಿ ಅದನ್ನು ತನ್ನದಾಗಿ ಹೊರತಂದಿತು. ಡೋಟಾ ಎಂಬ ಆಟ ಹುಟ್ಟಿದ್ದು ವಾರ್‌ಕ್ರಾಫ್ಟ್ 3 ಎಂಬ ಇನ್ನೊಂದು ಆಟದ ಮ್ಯಾಪ್ ಎಡಿಟರ್‌ನಲ್ಲಿ.

ಅದೇ ವಾರ್‌ಕ್ರಾಫ್ಟ್ 3 2020ರಲ್ಲಿ ಹೊಸ ರೂಪದಲ್ಲಿ ಬಂದಾಗ, ಅದರಲ್ಲಿ ಜನ ಮಾಡುವ ಆಟಗಳೆಲ್ಲ ಕಂಪನಿಗೇ ಸೇರುತ್ತವೆ ಎಂಬ ಷರತ್ತು ಜೊತೆಗೆ ಬಂತು. ಕೂಡಿ ಕಟ್ಟೋಣ ಎಂದು ಕರೆದು, ಕಟ್ಟಿದ್ದೆಲ್ಲ ನಮ್ಮದು ಎನ್ನುವುದು ನನ್ನ ಮಟ್ಟಿಗೆ ಅನ್ಯಾಯ. ನೀವು ಮಾಡ್‌ಗೆ ಅವಕಾಶ ಕೊಡುವುದಾದರೆ, ಮಾಡಿದವರ ಹೆಸರು ಎಲ್ಲಿ ಬರುತ್ತದೆ, ಹಣ ಬಂದರೆ ಹೇಗೆ ಹಂಚಿಕೆ ಎಂಬುದನ್ನು ಮೊದಲೇ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ಇಡಿ.

ಕಾನೂನಿನ ಕಣ್ಣಲ್ಲಿ ಆಡುವವರೂ ಕರ್ತೃಗಳೇ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸುತ್ತದೆ. ಜಂಟಿ ಕರ್ತೃತ್ವ ಎನ್ನಲು ಇಬ್ಬರು ಅಥವಾ ಹೆಚ್ಚು ಜನ ಒಟ್ಟಾಗಿ ಮಾಡಿರಬೇಕು, ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರ್ಪಡಿಸಲು ಬರಬಾರದು. ಆಟವನ್ನು ಸುಮ್ಮನೆ ಆಡಿದವರನ್ನು ಈ ಚೌಕಟ್ಟಿಗೆ ತರುವುದು ಕಷ್ಟ. ನಿಮ್ಮ ತಂಡದೊಳಗಿನ ಲೆಕ್ಕ ಬೇರೆ. ಗೆಳತಿ ಚಿತ್ರ ಬರೆದಳು, ತಮ್ಮ ಸಂಗೀತ ಮಾಡಿದ ಎಂದರೆ ಅವರ ಹಕ್ಕು ಬಾಯಿಮಾತಿನಲ್ಲಿ ನಿಮಗೆ ಬರುವುದಿಲ್ಲ. ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಕಾಯ್ದೆ ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ.

ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ಮಾಡಲು ಯಾವ ಸಾಧನ ಒಳ್ಳೆಯದು?

ಬರಹವೇ ಮುಖ್ಯವಾದ ಆಟಕ್ಕೆ ಟ್ವೈನ್ ಸಾಕು. 2009ರಲ್ಲಿ ಕ್ರಿಸ್ ಕ್ಲಿಮಾಸ್ ಮಾಡಿದ್ದು, ಉಚಿತ, ಕೋಡಿಂಗ್ ಗೊತ್ತಿಲ್ಲದವರೂ ಅದೇ ದಿನ ಶುರು ಮಾಡಬಹುದು. ಕೊನೆಗೆ ಒಂದೇ ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ, ಬ್ರೌಸರ್‌ನಲ್ಲಿ ತೆರೆಯುತ್ತದೆ, ಒತ್ತಕ್ಷರ ಸರಿಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಬ್ಲೂಟೂತ್‌ನಲ್ಲೇ ಕಳಿಸಬಹುದು. ಚಿತ್ರ, ಚಲನೆ ಬೇಕಿದ್ದರೆ ಗೊಡೋ, ಅದೂ ಉಚಿತ. 2023ರಲ್ಲಿ ಬಂದ ನಾಲ್ಕನೇ ಆವೃತ್ತಿ ಅಥವಾ ಅದರ ನಂತರದ್ದನ್ನೇ ಹಾಕಿಕೊಳ್ಳಿ, ಹಳೆಯದರಲ್ಲಿ ಕನ್ನಡದ ಒತ್ತುಗಳು ಕೂಡದೆ ಬಿಡಿಬಿಡಿಯಾಗಿ ಕಾಣುತ್ತವೆ.

ಭಾಷೆಯ ಆಯ್ಕೆಯನ್ನು ಮೆನುವಿನ ಮೂಲೆಯಲ್ಲಿ ಇಡುವ ಬದಲು ಪಾತ್ರಗಳಿಗೆ ಕೊಡಿ. ಗೋಣಿಕೊಪ್ಪದ ಸಂತೆಯಲ್ಲಿ ಒಬ್ಬರು ತಕ್ಕ್ ಆಡುತ್ತಾರೆ, ಇನ್ನೊಬ್ಬರು ಮಲಯಾಳ, ಮತ್ತೊಬ್ಬರು ಕನ್ನಡ. ಯಾರಿಗೆ ಯಾವ ಭಾಷೆಯಲ್ಲಿ ಉತ್ತರಿಸಿದಿರಿ ಎಂಬುದನ್ನು ಆಟ ನೆನಪಿಟ್ಟುಕೊಂಡರೆ ಅದೂ ಆಡುವವರ ಬರಹವಾಗುತ್ತದೆ.

ನಮ್ಮ ಆಟದಲ್ಲಿ ಸ್ವಾತಂತ್ರ್ಯ ನಿಜಕ್ಕೂ ಇದೆಯೇ ಎಂದು ತಿಳಿಯುವುದು ಹೇಗೆ?

ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಆಡಿಸಿ. ತೋಟದ ನಕ್ಷೆ, ಕೆಲವು ಚೀಟಿ, ಒಂದು ದಾಳ ಸಾಕು. ನೀವೇ ಮಳೆ, ನೀವೇ ಆನೆ. ಹೀಗೆ ಮಾಡಿ ಎಂದು ಬಾಯಿ ಬಿಡಬೇಡಿ, ಎಷ್ಟೇ ಕಷ್ಟವಾದರೂ ಸುಮ್ಮನಿರಿ. ನೀವು ಯೋಚಿಸದೇ ಇದ್ದದ್ದನ್ನು ಅವರು ಕೇಳಿದಾಗಲೆಲ್ಲ ಬರೆದುಕೊಳ್ಳಿ, ಮುಂದೆ ಬರೆಯಬೇಕಾದ ನಿಯಮಗಳ ಪಟ್ಟಿ ಅದೇ.

ಮುಗಿದ ಮೇಲೆ ಇಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿ, ಏನಾಯಿತು ಹೇಳಿ ಎನ್ನಿ. ಇಬ್ಬರೂ ಒಂದೇ ಕಥೆ ಹೇಳಿದರೆ ನೀವು ಬರೆದದ್ದನ್ನು ಅವರು ಓದಿದ್ದಾರೆ ಅಷ್ಟೇ. ‘ಆನೆ ಬಂತು, ಬೇಲಿ ಮುರಿಯಿತು’ ಎಂದರೆ ಇನ್ನೂ ಕೆಲಸವಿದೆ. ‘ಆ ಕಡೆಯ ಹಲಸು ಇಳಿಸಬೇಡಿ ಅಂದೆ, ಅದಕ್ಕೇ ಆನೆ ಕಳದ ಕಡೆ ಬರಲಿಲ್ಲ’ ಎಂದರೆ ಆ ಭಾಗವನ್ನು ಹಾಗೇ ಇಟ್ಟುಕೊಂಡು ಕೋಡ್ ಶುರು ಮಾಡಿ.